ಎಸ್.ಪಿ. ರಸ್ತೆಯಲ್ಲಿ ‘ಹೊಸ’ ಹಾರ್ಡ್ ಡಿಸ್ಕ್ ಕೊಳ್ಳುವವರೇ, ಹಣ ಕೊಡುವ ಮುನ್ನ ಇದನ್ನು ಓದಿ

ಹಳೆಯ ಡೆಸ್ಕ್‌ಟಾಪ್ ಇಟ್ಟುಕೊಂಡಿರುವವರು, ಅದಕ್ಕೊಂದು ದೊಡ್ಡ ಹಾರ್ಡ್ ಡಿಸ್ಕ್ ಹಾಕಿಸೋಣವೆಂದು ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಪೇಟೆಯಾದ ಎಸ್.ಪಿ. ರಸ್ತೆಗೆ ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನಗೆ ಹೊಸದೆಂದು ಮಾರಿದ 4 ಟಿಬಿ ಡಿಸ್ಕ್ ಅದಾಗಲೇ 41 ಸಾವಿರ ಗಂಟೆ ತಿರುಗಿ ಸವೆದದ್ದು. 41 ಸಾವಿರ ಗಂಟೆ ಎಂದರೆ ಹಗಲಿರುಳು ನಿಲ್ಲಿಸದೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು. ಅದಕ್ಕೆ ಹೊಸ ಲೇಬಲ್ ಅಂಟಿಸಿ, ಬೆಳ್ಳಿ ಬಣ್ಣದ ಚೀಲದಲ್ಲಿ ಸೀಲ್ ಮಾಡಿ ನನ್ನ ಕೈಗಿಟ್ಟರು. ಹಣ ಹೋದದ್ದು ಒಂದು ಕಡೆ ಇರಲಿ. ನನ್ನ ಹೊಟ್ಟೆ ಉರಿಯುವುದು ಬೇರೆಯದಕ್ಕೆ. ಆ ಡಿಸ್ಕ್ ತೊಂದರೆ ಕೊಟ್ಟಾಗಲೆಲ್ಲ ಅವರು ಬೊಟ್ಟು ಮಾಡಿದ್ದು ನನ್ನ ಕಂಪ್ಯೂಟರಿನ ಕಡೆಗೆ. ‘ನಿಮ್ಮ ಸಿಸ್ಟಮ್ ಹಳೆಯದು ಸರ್.’ ಈ ಒಂದೇ ಮಾತನ್ನು ಗುರಾಣಿಯಂತೆ ಹಿಡಿದು ಅವರು ಡಿಸ್ಕ್ ಮಾರಿದರು, ಪವರ್ ಸಪ್ಲೈ ಮಾರಿದರು, ಇನ್ನು ಸ್ವಲ್ಪದರಲ್ಲಿ ಮದರ್‌ಬೋರ್ಡ್ ಕೂಡ ಮಾರುತ್ತಿದ್ದರು.

ನನ್ನದು ಮೂರನೆಯ ತಲೆಮಾರಿನ ಐ5 ಪ್ರೊಸೆಸರ್ ಇರುವ ಡೆಸ್ಕ್‌ಟಾಪ್. ಹಳೆಯದು ನಿಜ, ಆದರೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಒಳಗಿದ್ದ 500 ಜಿಬಿ ಡಿಸ್ಕ್ ತುಂಬಿಹೋಗಿತ್ತು. ತುಂಬಿದ್ದು ಸಿನಿಮಾಗಳಿಂದಲ್ಲ. ನಮ್ಮ ತಂದೆ ವಾಚಿಸಿದ ಕುಮಾರವ್ಯಾಸ ಭಾರತದ ಗಮಕ ಕ್ಯಾಸೆಟ್‌ಗಳನ್ನೆಲ್ಲ ನಾನು ಕುಳಿತು ಕಂಪ್ಯೂಟರಿಗೆ ಇಳಿಸಿದ್ದೇನೆ. ಮನೆಯ ಫೋಟೊಗಳೂ ಅದರಲ್ಲೇ ಇವೆ. ಹೀಗಿರುವಾಗ ಇಡೀ ಕಂಪ್ಯೂಟರ್ ಬದಲಿಸುವ ಅಗತ್ಯವೇ ಇಲ್ಲ. ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕೇಬಲ್ ಅಂದಿಗೂ ಅದೇ, ಇಂದಿಗೂ ಅದೇ. ಒಂದು ಡಿಸ್ಕ್ ಜೋಡಿಸಿದರೆ ಮುಗಿಯುವ ಕೆಲಸ.

ರಾಜಾಜಿನಗರದಿಂದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ನಡೆದುಹೋದೆ. ಎಸ್.ಪಿ. ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಹೇಗಿರುತ್ತದೆಂದು ನಿಮಗೆ ಗೊತ್ತು, ವಿವರಿಸಬೇಕಿಲ್ಲ. ಮುಖ್ಯ ರಸ್ತೆಯ ಅಂಗಡಿಗಳಲ್ಲಿ ಬೆಲೆ ಕೇಳಿಕೊಂಡು ಪಕ್ಕದ ಗಲ್ಲಿಯೊಂದರ ಮೊದಲ ಮಹಡಿಯ ಅಂಗಡಿಗೆ ಹೋದಾಗ ಅಲ್ಲಿ ಸುಮಾರು ಎರಡು ಸಾವಿರ ಕಡಿಮೆ ಹೇಳಿದರು. ಏಕೆ ಕಡಿಮೆ ಎಂದು ನಾನು ಕೇಳಿದೆ. ಸ್ಪಷ್ಟವಾಗಿ ಕೇಳಿದೆ. ‘ಇದು ಬಲ್ಕ್ ಪ್ಯಾಕಿಂಗ್ ಸರ್, ಬಾಕ್ಸ್ ಇರುವುದಿಲ್ಲ, ಅಷ್ಟೇ ವ್ಯತ್ಯಾಸ. ಹೊಸ ಪೀಸ್, ಎರಡು ವರ್ಷ ವಾರಂಟಿ’ ಎಂದರು. ಇದೇ ಮಾತು ವಾಟ್ಸ್ಆ್ಯಪ್‌ನಲ್ಲೂ ಬಂದಿದೆ, ಉಳಿಸಿಕೊಂಡಿದ್ದೇನೆ. ಯುಪಿಐ ಮೂಲಕ ಹಣ ಕೊಟ್ಟೆ. ಬಿಲ್ ಕೇಳಿದರೆ ‘ಸಂಜೆ ಕಳುಹಿಸುತ್ತೇವೆ’ ಎಂದರು. ಸಂಜೆ ಬಂದದ್ದು ಬಿಲ್ ಅಲ್ಲ, ‘ಎಸ್ಟಿಮೇಟ್’ ಎಂದು ಬರೆದ ಚೀಟಿಯ ಫೋಟೊ. ಕೆಳಗೆ ದಪ್ಪ ಅಕ್ಷರದಲ್ಲಿ ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’.

ಮನೆಗೆ ತಂದು ಜೋಡಿಸಿದರೆ ಡಿಸ್ಕ್ ತಿರುಗಲೇ ಇಲ್ಲ. ಸದ್ದಿಲ್ಲ, ಕಂಪನವಿಲ್ಲ, ಕಂಪ್ಯೂಟರ್ ಶುರುವಾಗುವಾಗ ಜೋಡಿಸಿದ ಭಾಗಗಳನ್ನು ಗುರುತಿಸುವ ಬಯೋಸ್‌ನಲ್ಲಿ ಹೆಸರೂ ಇಲ್ಲ. ಫೋನ್ ಮಾಡಿದೆ. ನಾನು ಮಾತು ಮುಗಿಸುವ ಮೊದಲೇ ಉತ್ತರ ಬಂತು: ‘ನಿಮ್ಮ ಎಸ್‌ಎಂಪಿಎಸ್ ಹಳೆಯದು ಸರ್, ಪವರ್ ಸಾಲುತ್ತಿಲ್ಲ.’ ಎಸ್‌ಎಂಪಿಎಸ್ ಎಂದರೆ ಕಂಪ್ಯೂಟರಿನ ಪವರ್ ಸಪ್ಲೈ. ಇಡೀ ಕ್ಯಾಬಿನೆಟ್ಟನ್ನು ಆಟೊದಲ್ಲಿ ಹೊತ್ತುಕೊಂಡು ಹೋದೆ. ಅಲ್ಲಿನ ಹುಡುಗ ಹೊಸ ಪವರ್ ಸಪ್ಲೈ ಹಾಕಿದ, ಜೊತೆಗೆ ನಾಲ್ಕು ಪಿನ್ನಿನ ಹಳೆಯ ಕನೆಕ್ಟರಿನಿಂದ ಸಾಟಾಗೆ ಹೋಗುವ ಚಿಕ್ಕ ಕನ್ವರ್ಟರ್ ವೈರೊಂದನ್ನೂ ಸಿಕ್ಕಿಸಿದ. ಡಿಸ್ಕ್ ತಿರುಗಿತು. ‘ನೋಡಿದಿರಾ?’ ಎಂದ. ಹೊಸ ಸಪ್ಲೈಯಲ್ಲೇ ಸಾಟಾ ವೈರ್‌ಗಳು ನೇತಾಡುತ್ತಿರುವಾಗ ಈ ಕನ್ವರ್ಟರ್ ಏಕೆ ಎಂದು ಕೇಳಿದೆ. ‘ಸೇಫ್ಟಿಗೆ’ ಎಂದ.

ಸೇಫ್ಟಿಗಲ್ಲ. ಅದು ಏಕೆಂದು ಆಮೇಲೆ ತಿಳಿಯಿತು, ಎಲ್ಲರೂ ತಿಳಿದಿರಲೇಬೇಕಾದ ಸಂಗತಿ ಇದು. ಡೇಟಾ ಸೆಂಟರ್‌ಗಳಿಗೆಂದು ತಯಾರಾಗುವ ಕೆಲವು ಡಿಸ್ಕ್‌ಗಳಲ್ಲಿ, ಸಾಟಾ ಪವರ್ ಕನೆಕ್ಟರಿನ ಮೂರನೆಯ ಪಿನ್ನಿಗೆ ವಿದ್ಯುತ್ ಬಂದರೆ ಡಿಸ್ಕ್ ಆಫ್ ಆಗುವ ವ್ಯವಸ್ಥೆ ಇರುತ್ತದೆ. ದೂರದಲ್ಲಿ ಕುಳಿತೇ ಡಿಸ್ಕನ್ನು ಮರುಚಾಲನೆ ಮಾಡಲು ಅದನ್ನು ಇಟ್ಟಿದ್ದಾರೆ. ಆದರೆ ನಮ್ಮ ಮನೆಗಳ ಬಹುತೇಕ ಪವರ್ ಸಪ್ಲೈಗಳು ಅದೇ ಪಿನ್ನಿಗೆ 3.3 ವೋಲ್ಟ್ ಕೊಡುತ್ತಲೇ ಇರುತ್ತವೆ. ಹಾಗಾಗಿ ಡಿಸ್ಕ್ ಸತ್ತಂತೆ ಬಿದ್ದಿರುತ್ತದೆ. ನಾಲ್ಕು ಪಿನ್ನಿನ ಕನೆಕ್ಟರಿನಲ್ಲಿ 5 ಮತ್ತು 12 ವೋಲ್ಟ್ ಮಾತ್ರ ಇರುತ್ತದೆ, 3.3 ಇರುವುದಿಲ್ಲ. ಕನ್ವರ್ಟರ್ ಹಾಕಿದ ಕೂಡಲೇ ಡಿಸ್ಕ್ ತಿರುಗುವುದು ಅದಕ್ಕೆ. ಅಂದರೆ ನನ್ನ ಹಳೆಯ ಎಸ್‌ಎಂಪಿಎಸ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಆ ಹುಡುಗನಿಗೆ ಇದು ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಆ ವೈರನ್ನು ಅವನು ಡ್ರಾಯರಿನಿಂದ ನೇರವಾಗಿ ತೆಗೆಯುತ್ತಿರಲಿಲ್ಲ. ಇಂಥ ಡಿಸ್ಕ್ ಎಲ್ಲಿಂದ ಬರುತ್ತದೆಂದು ಗೊತ್ತಿದ್ದೇ ನನಗೆ ಬೇಡದ ಸಪ್ಲೈ ಮಾರಿದರು. ಇನ್ನೊಂದು ಮಾತು: ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಅಗ್ಗದ ಕನ್ವರ್ಟರ್‌ಗಳು ಒಳಗೇ ಶಾರ್ಟ್ ಆಗಿ ಸುಟ್ಟುಹೋಗುವುದುಂಟು. ಅದನ್ನೇ ‘ಸೇಫ್ಟಿ’ ಎಂದು ಕೊಟ್ಟರು!

ಇಷ್ಟಕ್ಕೇ ಮುಗಿಯಲಿಲ್ಲ. ಡಿಸ್ಕ್ ತಿರುಗಿತು, ಆದರೆ ವಿಂಡೋಸ್‌ನಲ್ಲಿ 2048 ಜಿಬಿ ಮಾತ್ರ ಬಳಸಲು ಸಿಕ್ಕಿತು, ಉಳಿದದ್ದು ಕಪ್ಪು ಪಟ್ಟಿಯಾಗಿ ಖಾಲಿ ಬಿದ್ದಿತ್ತು. 4 ಟಿಬಿ ಡಿಸ್ಕನ್ನು ವಿಂಡೋಸ್ 3725 ಜಿಬಿ ಎಂದು ತೋರಿಸುವುದು ಸಹಜ, ಅದು ಲೆಕ್ಕದ ಕ್ರಮ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅರ್ಧಕ್ಕರ್ಧ ಎಲ್ಲಿ? ಮತ್ತೆ ಫೋನ್. ಮತ್ತೆ ಅದೇ ಮಾತು. ‘ನಿಮ್ಮ ಬೋರ್ಡ್ ಹಳೆಯದು ಸರ್. ಎರಡು ಟಿಬಿಗಿಂತ ಹೆಚ್ಚು ಅದಕ್ಕೆ ಅರ್ಥವಾಗುವುದಿಲ್ಲ. ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರೂ ಸೇರಿ ಹದಿನೆಂಟು ಸಾವಿರಕ್ಕೆ ಮಾಡಿಕೊಡುತ್ತೇನೆ. ಹಳೆಯ 500 ಜಿಬಿ ಡಿಸ್ಕ್ ತನ್ನಿ, ಮುನ್ನೂರು ರೂಪಾಯಿ ಕಳೆಯುತ್ತೇನೆ.’

ಇದು ಶುದ್ಧ ಸುಳ್ಳು. ಡಿಸ್ಕನ್ನು ಅವರೇ ತಮ್ಮ ಅಂಗಡಿಯಲ್ಲಿ ಎಂಬಿಆರ್ ಎಂಬ ಹಳೆಯ ವಿಧಾನದಲ್ಲಿ ಸಿದ್ಧಪಡಿಸಿದ್ದರು. ಎಂಬಿಆರ್‌ನಲ್ಲಿ ಡಿಸ್ಕಿನ ಸೆಕ್ಟರ್‌ಗಳನ್ನು ಎಣಿಸಲು ಇರುವುದು 32 ಬಿಟ್ ಜಾಗ. ಒಂದು ಸೆಕ್ಟರಿಗೆ 512 ಬೈಟ್‌ನಂತೆ ಲೆಕ್ಕ ಹಾಕಿದರೆ 2048 ಜಿಬಿಗೆ ಎಣಿಕೆ ಮುಗಿಯುತ್ತದೆ. ಜಿಪಿಟಿ ಎಂಬ ಹೊಸ ವಿಧಾನಕ್ಕೆ ಬದಲಿಸಿದರೆ ಈ ಮಿತಿ ಇಲ್ಲ. ವಿಂಡೋಸ್ ಬೂಟ್ ಮಾಡಿಸುವ ಡಿಸ್ಕ್ ಜಿಪಿಟಿ ಆಗಬೇಕಾದರೆ ಬೋರ್ಡಿನಲ್ಲಿ ಬಯೋಸ್‌ನ ಹೊಸ ರೂಪವಾದ ಯುಇಎಫ್‌ಐ ಇರಬೇಕು, ಆ ಮಾತು ನಿಜ. ಆದರೆ ಹಾಡು, ಫೋಟೊ ತುಂಬಿಡುವ ಎರಡನೆಯ ಡಿಸ್ಕಿಗೆ ಆ ಕಟ್ಟುಪಾಡಿಲ್ಲ. ನಮ್ಮ ಪಕ್ಕದ ಮನೆಯ ಎಂಜಿನಿಯರಿಂಗ್ ವಿದ್ಯಾರ್ಥಿನಿ ಬಂದು, ಖಾಲಿ ಡಿಸ್ಕಿನಲ್ಲಿದ್ದ ಪಾರ್ಟಿಷನ್ ಅಳಿಸಿ, ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಅದರ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಜಿಪಿಟಿಗೆ ಬದಲಿಸಿದಳು. 3725 ಜಿಬಿಯೂ ಕಣ್ಣ ಮುಂದೆ ಬಂತು. ಕಾಫಿ ಆರುವುದರೊಳಗೆ ಮುಗಿದ ಕೆಲಸ. ಅದಕ್ಕೆ ಹದಿನೆಂಟು ಸಾವಿರ!

ಡಿಸ್ಕಿನ ಆರೋಗ್ಯವನ್ನೂ ನೋಡಿಬಿಡೋಣ ಎಂದವಳು ಅವಳೇ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ತೆರೆದಳು. ಓಡಿದ ಗಂಟೆಗಳು ಎರಡಂಕಿಯನ್ನೂ ದಾಟಿರಲಿಲ್ಲ. ನನಗೆ ಸಮಾಧಾನವಾಯಿತು. ಆದರೆ ಅವಳು ಪರದೆಯ ಮೇಲಿದ್ದ ಸೀರಿಯಲ್ ಸಂಖ್ಯೆಯನ್ನು ಓದುತ್ತಾ, ‘ಅಂಕಲ್, ಲೇಬಲ್ ಮೇಲಿರುವುದನ್ನು ಓದಿ’ ಎಂದಳು. ಓದಿದೆ. ಎರಡೂ ಬೇರೆ ಬೇರೆ. ಇನ್ನೊಮ್ಮೆ ಓದಿಸಿದಳು. ಬೇರೆಯೇ. ಹಾಗಾದರೆ ಡಿಸ್ಕ್ ಒಂದು, ಅದರ ಮೇಲೆ ಅಂಟಿಸಿದ ಚೀಟಿ ಮತ್ತೊಂದು. ಆ ಕ್ಷಣ ನನ್ನ ಕೈಕಾಲು ತಣ್ಣಗಾದವು. ಅಷ್ಟು ಹೊತ್ತೂ ನಾನು ಅನುಮಾನಿಸುತ್ತಿದ್ದದ್ದು ನನ್ನ ಕಂಪ್ಯೂಟರನ್ನು. ಅವರು ಹೇಳಿಕೊಟ್ಟ ಹಾಗೆ ಅನುಮಾನಿಸುತ್ತಿದ್ದೆ.

ಡಿಸ್ಕಿನೊಳಗಿದ್ದ ನಿಜವಾದ ಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ಹಾಕಿದಾಗ, ಇದು ಬೇರೊಂದು ಕಂಪನಿಯ ಯಂತ್ರದ ಭಾಗವಾಗಿ ಮಾರಾಟವಾದದ್ದು, ಬಿಡಿ ಗ್ರಾಹಕರಿಗೆ ವಾರಂಟಿ ಇಲ್ಲ ಎಂದು ಬಂತು. ಡಿಸ್ಕ್ ತಾನು ಓಡಿದ ಗಂಟೆಗಳ ಲೆಕ್ಕ ಇಡುವ, ಸಾಮಾನ್ಯವಾಗಿ ಎಲ್ಲರೂ ನೋಡುವ ‘ಸ್ಮಾರ್ಟ್’ ಎಂಬ ದಾಖಲೆಯನ್ನು ಸೊನ್ನೆಗೆ ತಿರುಗಿಸಲು ಈ ದಂಧೆಯವರಿಗೆ ಬರುತ್ತದೆ. ಆದರೆ ಸೀಗೇಟ್ ಡಿಸ್ಕ್‌ಗಳಲ್ಲಿ ಫಾರ್ಮ್ ಎಂಬ ಇನ್ನೊಂದು ಆಂತರಿಕ ದಾಖಲೆ ಇರುತ್ತದೆ. 2025ರ ಆರಂಭದಲ್ಲಿ ಜರ್ಮನಿಯಲ್ಲಿ, ಸಾವಿರಾರು ಗಂಟೆ ಓಡಿದ ಡಿಸ್ಕ್‌ಗಳನ್ನು ಹೊಸದೆಂದು ಮಾರಿದ ಪ್ರಕರಣ ಬಯಲಾದಾಗ ಹಳೆಯ ಗಂಟೆಗಳನ್ನು ತೋರಿಸಿಕೊಟ್ಟದ್ದು ಅದೇ ದಾಖಲೆ. ಸ್ಮಾರ್ಟ್‌ಮಾನ್‌ಟೂಲ್ಸ್ ಎಂಬ ಉಚಿತ ತಂತ್ರಾಂಶದ 7.4 ಮತ್ತು ನಂತರದ ಆವೃತ್ತಿಗಳು ಅದನ್ನು ಓದುತ್ತವೆ. ನನ್ನ ಡಿಸ್ಕಿನದನ್ನು ಓದಿದಾಗ ಬಂದದ್ದು 41 ಸಾವಿರ ಗಂಟೆ. ತಯಾರಕರ ಮೇಲೆ ನನ್ನ ದೂರಿಲ್ಲ. ಡಿಸ್ಕ್ ತನ್ನ ಆಯಸ್ಸಿನಲ್ಲಿ ಪ್ರಾಮಾಣಿಕವಾಗಿ ದುಡಿದಿದೆ. ಮೋಸ ಮಾಡಿದ್ದು ಮಾರಿದವರು.

ಅಂಗಡಿಗೆ ಹೋಗಿ ಎಲ್ಲವನ್ನೂ ಮುಂದಿಟ್ಟೆ. ಬಂದ ಉತ್ತರಗಳನ್ನು ಕೇಳಿ. ಮೊದಲು, ‘ಆ ಸಾಫ್ಟ್‌ವೇರ್ ತಪ್ಪು ತೋರಿಸುತ್ತದೆ.’ ಸೀರಿಯಲ್ ಸಂಖ್ಯೆ ಬೇರೆ ಇದೆಯಲ್ಲ ಎಂದೆ. ‘ಫ್ಯಾಕ್ಟರಿಯಲ್ಲಿ ಹಾಗಾಗುತ್ತದೆ.’ 41 ಸಾವಿರ ಗಂಟೆ? ‘ಟೆಸ್ಟಿಂಗ್‌ನಲ್ಲಿ ಓಡಿಸಿರುತ್ತಾರೆ.’ ಯಾವ ಕಾರ್ಖಾನೆ ಒಂದು ಡಿಸ್ಕನ್ನು ನಾಲ್ಕೂವರೆ ವರ್ಷ ಟೆಸ್ಟ್ ಮಾಡುತ್ತದೆ ಎಂದು ಕೇಳಿದಾಗ ಮಾತು ತಿರುಗಿತು. ‘ನಾನು ಹೊಸದು ಎಂದೆನೇ? ಸೀಲ್ ಆಗಿದೆ ಎಂದೆ.’ ವಾಟ್ಸ್ಆ್ಯಪ್ ತೆರೆದು ಅವರದೇ ಸಂದೇಶ ತೋರಿಸಿದೆ. ಆಗ, ಅಲ್ಲಿ ನಿಂತಿದ್ದ ಇತರ ಗಿರಾಕಿಗಳೆಲ್ಲ ಕೇಳುವಂತೆ, ದನಿ ಏರಿಸಿ ಹೇಳಿದರು: ‘ಹತ್ತು ವರ್ಷದ ಡಬ್ಬ ಕಂಪ್ಯೂಟರ್ ಇಟ್ಟುಕೊಂಡು ನಮಗೆ ಪಾಠ ಹೇಳಲು ಬಂದಿದ್ದೀರಾ? ಅದಕ್ಕೆ ಇದೇ ಹೆಚ್ಚು.’ ಸುತ್ತ ನಿಂತವರು ನನ್ನನ್ನೇ ನೋಡುತ್ತಿದ್ದರು. ಮುಖ ಎತ್ತಿ ನಿಲ್ಲುವುದು ಕಷ್ಟವಾಯಿತು. ಮೋಸ ಮಾಡಿದವರು ಗಟ್ಟಿಯಾಗಿ ಮಾತನಾಡುತ್ತಿದ್ದಾರೆ, ಹಣ ಕೊಟ್ಟ ನಾನು ತಲೆ ತಗ್ಗಿಸಬೇಕು! ಇಂದಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ.

ಅಷ್ಟರಲ್ಲಿ ಡಿಸ್ಕ್ ತನ್ನ ವಯಸ್ಸನ್ನು ತಾನೇ ಹೇಳತೊಡಗಿತ್ತು. ಕಡತಗಳನ್ನು ನಕಲು ಮಾಡುತ್ತಿದ್ದಾಗ ಕರ್ಣಪರ್ವದ ಒಂದು ರೆಕಾರ್ಡಿಂಗ್ ಅರ್ಧಕ್ಕೆ ನಿಂತಿತು. ಕೆಟ್ಟ ಸೆಕ್ಟರ್‌ಗಳ ಎಣಿಕೆ ಏರುತ್ತಾ ಹೋಯಿತು. ಹಳೆಯ 500 ಜಿಬಿ ಡಿಸ್ಕ್ ನನ್ನ ಬಳಿಯೇ ಇದ್ದುದರಿಂದ ಎಲ್ಲವೂ ಉಳಿದಿದೆ. ಅವರ ಮಾತು ಕೇಳಿ ಮುನ್ನೂರು ರೂಪಾಯಿಗೆ ಅದನ್ನು ಕೊಟ್ಟಿದ್ದರೆ ನಮ್ಮ ತಂದೆಯ ದನಿ ಹೋಗಿರುತ್ತಿತ್ತು. ಅದಕ್ಕೆ ಯಾರು ವಾರಂಟಿ ಕೊಡುತ್ತಾರೆ?

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಬಳಸಿದ ಅಥವಾ ರಿಪೇರಿ ಮಾಡಿದ ಸರಕನ್ನು ಹೊಸದೆಂದು ಬಿಂಬಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ದೋಷವಿರುವ ಸರಕನ್ನು ಹಿಂದಕ್ಕೆ ಪಡೆಯಲು ನಿರಾಕರಿಸುವುದೂ ಇದೆ. ಹಾಗಾಗಿ ಚೀಟಿಯ ಕೆಳಗಿನ ಆ ದಪ್ಪ ಅಕ್ಷರಗಳಿಗೆ ಹೆದರಬೇಡಿ.

ನೀವು ಕೊಳ್ಳುವುದಾದರೆ ಅಂಗಡಿಯಲ್ಲೇ ಡಿಸ್ಕ್ ಜೋಡಿಸಿ ಸೀರಿಯಲ್ ಸಂಖ್ಯೆ ತೋರಿಸಲು ಹೇಳಿ. ಲೇಬಲ್ಲಿಗೂ ಅದಕ್ಕೂ ತಾಳೆಯಾಗದಿದ್ದರೆ ಎದ್ದು ಬನ್ನಿ. ತಯಾರಕರ ತಾಣದಲ್ಲಿ ವಾರಂಟಿಯನ್ನು ನಿಮ್ಮ ಮೊಬೈಲಿನಲ್ಲೇ ನೋಡಿ, ಅವರದರಲ್ಲಿ ಬೇಡ. ಸೀರಿಯಲ್ ಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ನಿಮ್ಮ ಸಿಸ್ಟಮ್ ಹಳೆಯದು’ ಎಂದು ಯಾರಾದರೂ ಬಾಯಿ ತೆರೆದರೆ, ಅದೇ ಡಿಸ್ಕನ್ನು ಅವರ ಹೊಸ ಸಿಸ್ಟಮ್‌ಗೆ ಕನ್ವರ್ಟರ್ ಇಲ್ಲದೆ ಹಾಕಿ ತೋರಿಸಲು ಹೇಳಿ.

ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ದೂರಿನ ಸುದ್ದಿ ಮುಟ್ಟಿದ ಮೇಲೆ ಅಂಗಡಿಯವರ ದನಿ ಮೆತ್ತಗಾಗಿದೆ. ‘ಅರ್ಧ ಹಣ ಕೊಡುತ್ತೇವೆ, ಉಳಿದದ್ದಕ್ಕೆ ಬೇರೆ ಏನಾದರೂ ತೆಗೆದುಕೊಳ್ಳಿ’ ಎಂದು ಸಂದೇಶ ಕಳುಹಿಸಿದ್ದಾರೆ. ಆ ಅಂಗಡಿಯಿಂದ ನನಗೆ ಇನ್ನು ಏನೂ ಬೇಡ. ಡಿಸ್ಕಿನ ಮತ್ತು ಪವರ್ ಸಪ್ಲೈಯ ಪೂರ್ತಿ ಹಣ ಬೇಕು ಎಂದು ಬರೆದಿದ್ದೇನೆ. ಬರದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಇ-ಜಾಗೃತಿ ಪೋರ್ಟಲ್ ಮೂಲಕ ಸಲ್ಲಿಸಲು ಫೋಟೊ, ಸಂದೇಶ, ಯುಪಿಐ ರಸೀದಿಗಳನ್ನೆಲ್ಲ ಜೋಡಿಸಿಟ್ಟಿದ್ದೇನೆ. ಐದು ಲಕ್ಷದವರೆಗಿನ ಪ್ರಕರಣಗಳಿಗೆ ಶುಲ್ಕವೂ ಇಲ್ಲ. ಆ ಭಾಗದಲ್ಲಿ ಲೇಬಲ್ ಬದಲಿಸಿದ ಡಿಸ್ಕ್ ಬೇರೆ ಯಾರಿಗಾದರೂ ಸಿಕ್ಕಿದ್ದರೆ ಅದನ್ನು ಅಂಗಡಿಯವರಿಗೆ ವಾಪಸ್ ಕೊಟ್ಟು ಸುಮ್ಮನಾಗಬೇಡಿ. ಮೊದಲು ಲೇಬಲ್ಲಿನ ಮತ್ತು ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ, ಆಮೇಲೆ ದೂರು ಕೊಡಿ.