ಮಾನಸಿಕ ಕಾಯಿಲೆಗೆ ಯುಡಿಐಡಿ ಕಾರ್ಡ್: ಗಂಡ ಅಥವಾ ಹೆಂಡತಿಯನ್ನು ಕರೆದುಕೊಂಡು ಹೋಗುವವರಿಗೆ ಈ ಸೇವೆ ಹೇಗಿದೆ?

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬಗ್ಗೆ ಯೂಟ್ಯೂಬಿನಲ್ಲಿ ಸಿಗುವ ವಿಡಿಯೊಗಳಲ್ಲಿ ಹೆಚ್ಚಿನವು ಕೈಕಾಲು, ಕಣ್ಣು, ಕಿವಿಯ ತೊಂದರೆ ಇರುವವರಿಗೆ ಮಾಡಿದವು. ಸ್ಕಿಜೋಫ್ರೇನಿಯಾ, ಬೈಪೋಲಾರ್, ಬಿಡದೆ ಕಾಡುವ ಓಸಿಡಿ ಇರುವ ಸಂಗಾತಿಯನ್ನು ಕರೆದುಕೊಂಡು ಹೋಗುವವರಿಗೆ ಅವುಗಳಿಂದ ಆಗುವ ಉಪಯೋಗ ಅಷ್ಟಕ್ಕಷ್ಟೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಯ ಅಂಗವೈಕಲ್ಯಗಳಲ್ಲಿ ಮಾನಸಿಕ ಕಾಯಿಲೆಯೂ ಒಂದು. ಆದರೆ ಅದನ್ನು ಅಳೆಯುವ ರೀತಿಯೇ ಬೇರೆ, ಎಡವುವ ಜಾಗಗಳೂ ಬೇರೆ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರನ್ನು ಗಮನದಲ್ಲಿಟ್ಟುಕೊಂಡು ಈ ವಿಮರ್ಶೆ.

ಮೊದಲು ಅರ್ಜಿ. ಈ ಕಾರ್ಡಿನ ಸರ್ಕಾರಿ ಜಾಲತಾಣವಾದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಆಧಾರ್, 6 ತಿಂಗಳೊಳಗೆ ತೆಗೆಸಿದ ಫೋಟೊ, ವಿಳಾಸದ ದಾಖಲೆ ಹಾಕಿದರೆ ನೋಂದಣಿ ಸಂಖ್ಯೆ ಬರುತ್ತದೆ. ಇದಿಷ್ಟೂ ಸಲೀಸು. ಕೆಡುವುದು ಎರಡು ಕಡೆ. ಒಂದು, ಅಂಗವೈಕಲ್ಯದ ಬಗೆ ಆರಿಸುವಾಗ. ಅರ್ಜಿ ತುಂಬಿಸಿಕೊಡುವವರು 'ಮಾನಸಿಕ' ಅಂದ ಕೂಡಲೇ ಬುದ್ಧಿಮಾಂದ್ಯದ ಆಯ್ಕೆಯನ್ನು ಒತ್ತಿಬಿಡುತ್ತಾರೆ. ಅದಕ್ಕೆ ಐಕ್ಯೂ ಪರೀಕ್ಷೆ, ಇದಕ್ಕೆ ಬೇರೆ ಅಳತೆ. ಹಾಗಾಗಿ ಆಸ್ಪತ್ರೆಗೆ ಹೋದ ಮೇಲೆ ವಾಪಸ್ ಕಳಿಸುತ್ತಾರೆ. 'ಸಬ್‌ಮಿಟ್' ಒತ್ತುವ ಮೊದಲು ಪರದೆಯನ್ನು ನೀವೇ ಒಮ್ಮೆ ಓದಿ ನೋಡಿ. ಎರಡು, ಆಸ್ಪತ್ರೆ ಆರಿಸುವಾಗ. ಹತ್ತಿರ ಅಂತ ಮನೋವೈದ್ಯರಿಲ್ಲದ ತಾಲ್ಲೂಕು ಆಸ್ಪತ್ರೆಯನ್ನು ಆರಿಸಿದರೆ ಅರ್ಜಿ ಅಲ್ಲೇ ಕೊಳೆಯುತ್ತದೆ. ಜಿಲ್ಲೆಯವರಿಗೆ ಸಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯೇ ನೇರ ದಾರಿ. ಸರ್ಟಿಫಿಕೇಟ್ ತಪಾಸಣೆ ಯಾವ ವಾರ ಅಂತ ಮನೋವೈದ್ಯ ವಿಭಾಗದಲ್ಲಿ ಮುಂಚೆಯೇ ವಿಚಾರಿಸಿಕೊಂಡು ಹೊರಡಿ. ಮೊಬೈಲ್ ನಂಬರ್ ನಿಮ್ಮದೇ ಕೊಡಿ. ಕಾಯಿಲೆ ಉಲ್ಬಣಿಸಿದಾಗ ಸಿಮ್ ಮುರಿದು ಎಸೆಯುವವರಿದ್ದಾರೆ, ಎಸ್‌ಎಂಎಸ್ ಬರುವುದು ಮಾತ್ರ ಅರ್ಜಿಯಲ್ಲಿ ಕೊಟ್ಟ ನಂಬರಿಗೆ. ಮನೆಯಲ್ಲಿ ಅರ್ಜಿ ತುಂಬಲು ಆಗದಿದ್ದರೆ ಪಂಚಾಯಿತಿಯ ವಿ.ಆರ್.ಡಬ್ಲ್ಯು. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ, ಅವರ ಕೆಲಸವೇ ಅದು. ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಅಂಜಿಕೆ ಇದ್ದರೆ ಪೇಟೆಯ ಸೈಬರ್ ಸೆಂಟರ್ ಸಾಕು.

ಇನ್ನು ಅಳತೆ. ಈ ಸೇವೆಯಲ್ಲಿ ಮೆಚ್ಚಬೇಕಾದ ಭಾಗ ಇದು. ಯಾರೂ ಮುಂಚೆ ವಿವರಿಸದ ಭಾಗವೂ ಇದೇ. ಬಳಸುವ ಮಾಪಕದ ಹೆಸರು ಐಡಿಯಾಸ್. ಭಾರತೀಯ ಮನೋವೈದ್ಯರ ಸಂಘದ ಸಮಿತಿ ರೂಪಿಸಿದ್ದು, 2002ರಲ್ಲಿ ಸರ್ಕಾರ ಒಪ್ಪಿಕೊಂಡಿದ್ದು. ಅದು ನೋಡುವುದು ನಾಲ್ಕು ವಿಷಯ: ತನ್ನ ಮೈ ತಾನು ನೋಡಿಕೊಳ್ಳುವುದು, ಜನರ ಜೊತೆ ಬೆರೆಯುವುದು, ಮಾತಾಡಿ ಅರ್ಥ ಮಾಡಿಕೊಳ್ಳುವುದು, ಕೆಲಸ. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆ ಹೆಚ್ಚಾದಷ್ಟೂ ಅಂಕ ಹೆಚ್ಚು. ಇದಕ್ಕೆ ಕಾಯಿಲೆ ಎಷ್ಟು ವರ್ಷದ್ದು ಎಂಬುದರ ಅಂಕ ಸೇರುತ್ತದೆ: 2 ವರ್ಷದೊಳಗೆ 1, 2ರಿಂದ 5 ವರ್ಷಕ್ಕೆ 2, 6ರಿಂದ 10 ವರ್ಷಕ್ಕೆ 3, 10 ದಾಟಿದರೆ 4. ಒಟ್ಟು 20. ಮೊತ್ತ 7 ಮುಟ್ಟಿದರೆ, ಹೆಚ್ಚಿನ ಸೌಲಭ್ಯಗಳಿಗೆ ಬೇಕಾದ ಶೇ. 40ರ ಗೆರೆ ಮುಟ್ಟಿದಂತೆ. 14ರಿಂದ 19 ಬಂದರೆ ಶೇ. 71ರಿಂದ 99.

ವರ್ಷದ ಅಂಕವನ್ನು ಹಗುರವಾಗಿ ಬಿಡಬೇಡಿ. ನಾಲ್ಕು ವಿಷಯಕ್ಕೆ ಕ್ರಮವಾಗಿ 1, 1, 1, 2 ಬಂದಿದೆ ಅಂದುಕೊಳ್ಳಿ, ಒಟ್ಟು 5. ಕೈಯಲ್ಲಿ ಕಳೆದ ವರ್ಷದ ಚೀಟಿ ಮಾತ್ರ ಇದ್ದರೆ 5ಕ್ಕೆ 1 ಸೇರಿ 6, ಅಂದರೆ ಶೇ. 40ಕ್ಕಿಂತ ಕೆಳಗೆ. ಎಂಟು ವರ್ಷದ ಹಿಂದಿನ ಓಪಿಡಿ ಪುಸ್ತಕ ಇದ್ದರೆ 5ಕ್ಕೆ 3 ಸೇರಿ 8, ಗೆರೆ ದಾಟಿತು. ರೋಗಿ ಅದೇ, ರೋಗ ಅದೇ. ಮಳೆಗಾಲದಲ್ಲಿ ಗೋಡೆ ಕಪಾಟಿನೊಳಗೆ ಬೂಸ್ಟು ಹಿಡಿದ ಆ ಪುಸ್ತಕ ಹುಡುಕುವುದಕ್ಕೆ ಒಂದು ದಿನ ಇಟ್ಟರೆ ಹಾಳಲ್ಲ. ಸಿಗದಿದ್ದರೆ ಅಡ್ಮಿಟ್ ಆಗಿದ್ದ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಟ್ಟು ಡಿಸ್ಚಾರ್ಜ್ ಸಮರಿಯ ನಕಲು ಕೇಳಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ 2005ರಿಂದ ನಿಮ್ಹಾನ್ಸ್‌ನವರು ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ ಚಿಕಿತ್ಸೆ ಕೊಡುವ ಯೋಜನೆ ನಡೆಸಿದ್ದಾರೆ. ಅದರಲ್ಲಿ ಹೆಸರಿದ್ದವರು ಅಲ್ಲಿಯೂ ವಿಚಾರಿಸಬಹುದು. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ (ಮಾನಸಿಕ ಆರೋಗ್ಯ) ಕ್ಲಿನಿಕ್‌ಗೆ ಹೋಗುವವರು ಪ್ರತಿ ಭೇಟಿಯ ತಾರೀಕು, ಮಾತ್ರೆ ಬರೆಸಿಕೊಳ್ಳುತ್ತಾ ಬರಲಿ. ಬರೀ ಮಾತ್ರೆಯ ಹೆಸರಲ್ಲ, "ಒಬ್ಬರೇ ಮಾತ್ರೆ ತೆಗೆದುಕೊಳ್ಳುವುದಿಲ್ಲ" ಅನ್ನುವಂಥ ಒಂದು ಸಾಲೂ ಇದ್ದರೆ ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ತಪಾಸಣೆ ಅಂದರೆ ಮುಖ್ಯವಾಗಿ ಮಾತುಕತೆ. ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆ ಇಲ್ಲ. ರೋಗಿಯನ್ನು, ನೋಡಿಕೊಳ್ಳುವವರನ್ನು ಕೇಳಿ, ಹಳೆಯ ದಾಖಲೆ ನೋಡಿ ಅಂಕ ಹಾಕುತ್ತಾರೆ. ಹೆಚ್ಚಿನ ದಂಪತಿಗಳಿಗೆ ಅಂಕ ತಪ್ಪುವುದು ಇಲ್ಲಿ.

"ದಿನಾ ಸ್ನಾನ ಮಾಡ್ತೀರಾ?"

"ಮಾಡ್ತೀನಿ ಸರ್."

ಪಕ್ಕದಲ್ಲಿ ಕೂತ ಹೆಂಡತಿ ತಲೆ ಆಡಿಸುತ್ತಾರೆ. ಸುಳ್ಳೇನೂ ಅಲ್ಲ. ಆದರೆ ಹಂಡೆಗೆ ಉರಿ ಹಾಕಿ, ನೀರು ತೋಡಿಟ್ಟು, ಟವೆಲ್ ಕೈಗೆ ಕೊಟ್ಟು, "ಏಳಿ, ನೀರು ತಣ್ಣಗಾಗ್ತದೆ" ಅಂತ ನಾಲ್ಕು ಸಲ ಕರೆದ ಮೇಲೆ ಆದ ಸ್ನಾನ ಅದು. ಡಾಕ್ಟರ ಕಣ್ಣಿಗೆ ಬೀಳುವುದು ತಲೆ ಬಾಚಿ, ಇಸ್ತ್ರಿ ಅಂಗಿ ತೊಟ್ಟು ಬಂದ ಮನುಷ್ಯ. ಅಂಕ 0. ಹೇಳಬೇಕಾದದ್ದು: "ನಾನು ಹೇಳದಿದ್ದರೆ ಸ್ನಾನ ಮಾಡೋದಿಲ್ಲ. ಕಳೆದ ವಾರ ನಾನು ತವರಿಗೆ ಹೋಗಿದ್ದಾಗ ಮೂರು ದಿನ ಅದೇ ಬಟ್ಟೆಯಲ್ಲಿದ್ದರು." ನಾಲ್ಕೂ ವಿಷಯಕ್ಕೆ ಇದೇ ಲೆಕ್ಕ. ನಿಮ್ಮ ಕೈ ತೆಗೆದರೆ ಅಲ್ಲಿ ಏನು ಉಳಿಯುತ್ತದೆ ಅನ್ನುವುದನ್ನು ಹೇಳಿ.

ಕೆಲಸದ ವಿಷಯದಲ್ಲಿ ಮಲೆನಾಡಿನವರಿಗೆ ವಿಶೇಷ ತೊಡಕು. "ತೋಟಕ್ಕೆ ಹೋಗ್ತಾರಾ?" ಅಂದರೆ ಹೌದು, ಹೋಗುತ್ತಾರೆ. ಹೋಗಿ ಹಳ್ಳದ ಬದಿ ಕೂತು ಬರುತ್ತಾರೆ. ಅಡಿಕೆ ಕೊನೆ ಕೊಯ್ಯಿಸುವುದು, ಔಷಧಿ ಹೊಡೆಯಲು ಆಳು ಕರೆಯುವುದು, ಸೊಸೈಟಿಯಲ್ಲಿ ಲೆಕ್ಕ ಮಾತಾಡುವುದು ಎಲ್ಲ ಇನ್ನೊಬ್ಬರದ್ದು. ಅದನ್ನು ಬಿಡಿಸಿ ಹೇಳದಿದ್ದರೆ 'ಕೃಷಿಕ' ಅಂತ ಒಂದು ಪದ ಬರೆದು ಮುಗಿಸುತ್ತಾರೆ. ಮಾಪಕದ ಒಳ್ಳೆಯ ಗುಣವೊಂದಿದೆ: ದುಡಿಮೆ, ಮನೆಕೆಲಸ, ಓದು ಇವುಗಳಲ್ಲಿ ಆ ವ್ಯಕ್ತಿಗೆ ಹೊಂದುವ ಒಂದನ್ನೇ ಅಳೆಯುತ್ತದೆ. ಕಾಯಿಲೆ ಇರುವುದು ಹೆಂಡತಿಗಾದರೆ ಅಡುಗೆ, ಕೊಟ್ಟಿಗೆ, ಮಕ್ಕಳನ್ನು ಶಾಲೆಗೆ ಹೊರಡಿಸುವುದನ್ನೂ ಕೆಲಸ ಅಂತಲೇ ಎಣಿಸಬೇಕು. "ಮನೇಲೇ ಇರ್ತಾಳೆ, ಕೆಲಸಕ್ಕೆ ಹೋಗಲ್ಲ" ಅಂತ ಗಂಡಂದಿರು ಮುಗಿಸಿಬಿಡುತ್ತಾರೆ. ಒಲೆ ಹೊತ್ತಿಸಿಟ್ಟು ಎದ್ದು ಹೋಗುವುದನ್ನು, ಹಾಲು ಕರೆಯುವುದನ್ನು ಅತ್ತೆ ವಹಿಸಿಕೊಂಡದ್ದನ್ನು ಹೇಳುವುದೇ ಇಲ್ಲ.

ಇವನ್ನೆಲ್ಲ ಸಂಗಾತಿಯ ಎದುರಿಗೇ ಹೇಳುವುದು ಸುಲಭವಲ್ಲ. ಎರಡು ವಾರ ಮೊದಲೇ ನಾಲ್ಕು ತಲೆಬರಹ ಹಾಕಿ ದಿನಕ್ಕೆ ಒಂದೆರಡು ಸಾಲು ಬರೆದಿಡಿ. ಒಳ್ಳೆಯ ದಿನವನ್ನೂ ಬರೆಯಿರಿ. ಬರೀ ಕೆಟ್ಟದ್ದೇ ತುಂಬಿದ ಹಾಳೆಯನ್ನು ಅನುಭವಿ ವೈದ್ಯರು ನಂಬುವುದಿಲ್ಲ. ಕೊನೆಗೆ ಒಂದು ಪುಟಕ್ಕೆ ಇಳಿಸಿ ಕೈಗೆ ಕೊಡಿ, ಬೇಕಿದ್ದರೆ ಎರಡು ನಿಮಿಷ ಬೇರೆಯಾಗಿ ಮಾತಾಡಲು ಕೇಳಿ. ಏನು ಹೇಳುತ್ತೀರಿ ಅಂತ ಸಂಗಾತಿಗೆ ಹಿಂದಿನ ದಿನವೇ ತಿಳಿಸಿರಬೇಕು. ಸಂಶಯದ ಕಾಯಿಲೆ ಇರುವವರಿಗಂತೂ ಬೆನ್ನ ಹಿಂದಿನ ಮಾತು ವಿಷ.

ಕಾಯಿಲೆ ಎದ್ದು ಕಾಣಲಿ ಅಂತ ಮಾತ್ರೆ ನಿಲ್ಲಿಸಿ ಕರೆದುಕೊಂಡು ಹೋಗುವ ಸಲಹೆ ಅಲ್ಲಲ್ಲಿ ಕೇಳುತ್ತದೆ. ಶುದ್ಧ ಅಪಾಯ. ಮರುಕಳಿಸಿದ ಕಾಯಿಲೆ ಹಿಂದಿನ ಮಟ್ಟಕ್ಕೆ ಬರಲು ತಿಂಗಳುಗಳೇ ಹಿಡಿಯಬಹುದು, ಕೆಲವೊಮ್ಮೆ ಅಷ್ಟಕ್ಕೆ ಬರುವುದೂ ಇಲ್ಲ. ಮೇಲಾಗಿ ಈ ಮಾಪಕ ಹೊರಗೆ, ಮನೆಯಲ್ಲಿ ಬದುಕುತ್ತಿರುವವರಿಗೆ ಮಾಡಿದ್ದು, ವಾರ್ಡಿನಲ್ಲಿ ಮಲಗಿದವರಿಗಲ್ಲ. ಅಡ್ಮಿಟ್ ಆಗಬೇಕಾಗಿ ಬಂದರೆ ತಪಾಸಣೆಯೂ ಮುಂದಕ್ಕೆ ಹೋಗುತ್ತದೆ. ರಾತ್ರಿ ಮಾತ್ರೆಯ ಮಂಪರು ಬೆಳಿಗ್ಗೆ ಹತ್ತರವರೆಗೂ ಇರುವವರನ್ನು ಹೊಸನಗರದಿಂದ ಮೊದಲ ಬಸ್ಸಿಗೆ ಹತ್ತಿಸುವ ಬದಲು ಹಿಂದಿನ ಸಂಜೆಯೇ ಶಿವಮೊಗ್ಗಕ್ಕೆ ಬಂದು ಉಳಿಯುವುದು ವಾಸಿ. ತಿಂಡಿ, ನೀರು, ಮಧ್ಯಾಹ್ನದ ಮಾತ್ರೆ ಚೀಲದಲ್ಲಿರಲಿ. ಸಾಲು ಉದ್ದ ಇರುತ್ತದೆ.

ಸೇವೆಯ ದುರ್ಬಲ ಭಾಗ ಎಲ್ಲಿದೆ ಅಂದರೆ, ಏರಿಳಿತದ ಕಾಯಿಲೆಗಳಲ್ಲಿ. ಬೈಪೋಲಾರ್ ಇರುವವರು ಸರಿ ಇದ್ದ ತಿಂಗಳಲ್ಲಿ ಹೋದರೆ ಅಂಕ ಬೀಳುವುದೇ ಇಲ್ಲ. ಕಳೆದ ಎರಡು ವರ್ಷದಲ್ಲಿ ಯಾವ್ಯಾವ ತಿಂಗಳು ಕೆಟ್ಟಿತ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸುವುದು ಬಿಟ್ಟರೆ ಬೇರೆ ಉಪಾಯ ಇಲ್ಲ. ನೋಡಿಕೊಳ್ಳುವವರ ಶ್ರಮಕ್ಕಂತೂ ಈ ಇಡೀ ವ್ಯವಸ್ಥೆಯಲ್ಲಿ ಒಂದು ಕಾಲಮ್ಮೂ ಇಲ್ಲ.

ಸಿಗುವುದೇನು? ನಿಯಮಗಳ 2024ರ ತಿದ್ದುಪಡಿಯಂತೆ ಶೇ. 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80 ಮತ್ತು ಮೇಲಕ್ಕೆ ನೀಲಿ ಕಾರ್ಡ್. ಮಾಸಾಶನಕ್ಕೆ ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು, ಕಾರ್ಡ್ ಬಂದ ಮಾತ್ರಕ್ಕೆ ಹಣ ಬರುವುದಿಲ್ಲ. ಆದಾಯ ಪ್ರಮಾಣಪತ್ರದಲ್ಲಿ ಅಡಿಕೆ ತೋಟದವರ ಅರ್ಜಿ ಹೆಚ್ಚಾಗಿ ಬಿದ್ದುಹೋಗುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಆಗಿದೆಯೇ ಅಂತ ಮೊದಲೇ ನೋಡಿಕೊಳ್ಳಿ. ಸಂಗಾತಿ ನಿಮ್ಮ ಆಶ್ರಯದಲ್ಲಿದ್ದು ನೀವು ಸಂಬಳದಾರರಾಗಿದ್ದರೆ, ಹಳೆಯ ತೆರಿಗೆ ಪದ್ಧತಿಯಲ್ಲಿ ಆದಾಯ ತೆರಿಗೆಯ 80ಡಿಡಿ ಅಡಿ 75,000 ರೂ., ಶೇ. 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂ. ಕಡಿತ ಸಿಗುತ್ತದೆ. ಇದನ್ನು ಹೆಚ್ಚಿನವರು ಬಳಸುವುದೇ ಇಲ್ಲ.

ಅಂಕ ತೀರಾ ಕಡಿಮೆ ಅನ್ನಿಸಿದರೆ ನಿರ್ಧಾರದ ದಿನದಿಂದ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಕೊಡಲಾಗದು ಅಂದರೆ ಕಾರಣವನ್ನು ಬರಹದಲ್ಲಿ ಕೊಡಬೇಕು; ಬಾಯಿಮಾತಿಗೆ ಒಪ್ಪಿ ಎದ್ದು ಬರಬೇಡಿ. ಮಾನಸಿಕ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸಿಗುವುದು ಅವಧಿ ನಮೂದಿಸಿದ ತಾತ್ಕಾಲಿಕ ಪ್ರಮಾಣಪತ್ರ. ಅರ್ಜಿ ಇತ್ಯರ್ಥಕ್ಕೆ ನಿಯಮದಲ್ಲೇ 3 ತಿಂಗಳ ಗಡುವು ಇರುವುದರಿಂದ, ಅವಧಿ ಮುಗಿಯುವ ನಾಲ್ಕು ತಿಂಗಳು ಮೊದಲೇ ನವೀಕರಣಕ್ಕೆ ಹಾಕಿ. ಆ ತಾರೀಕನ್ನು ಮಾತ್ರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿಡಿ.