ಅಜ್ಜನ ಹುಬ್ಬಿನ ಗೆರೆಯನ್ನು ಉಳಿಸಿಕೊಟ್ಟ ಚೌಕಟ್ಟಿನ ಅಂಗಡಿ

ಕಾಸರಗೋಡಿನ ಹಳೆ ಬಸ್ ನಿಲ್ದಾಣದಿಂದ ಐದು ನಿಮಿಷ ನಡೆದರೆ ಸಿಗುವ, ಮಹಡಿಯ ಮೇಲಿನ ಈ ಫೋಟೋ ಮತ್ತು ಚೌಕಟ್ಟಿನ ಅಂಗಡಿಗೆ ನಾನು ಹೋದದ್ದು ಅಜ್ಜನ ವರ್ಷಾಂತಿಕಕ್ಕೆ ಒಂದು ತಿಂಗಳು ಇರುವಾಗ. ಕೈಯಲ್ಲಿ ಎರಡು ಹಳೆಯ ಫೋಟೋಗಳೂ ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಮೂರು ಪದಕಗಳೂ ಇದ್ದವು. ಚಾವಡಿಯ ಗೋಡೆಗೆ ಹಾಕಲು ಒಂದು ಚೌಕಟ್ಟು ಬೇಕೆಂಬುದಷ್ಟೇ ನಮ್ಮ ಬೇಡಿಕೆಯಾಗಿತ್ತು. ಮನೆಯ ಹಿರಿಯರ ಫೋಟೋವನ್ನು ಸರಿಪಡಿಸಲು ಕೊಡಬೇಕೆಂದಿರುವವರಿಗೆ ಪ್ರಯೋಜನವಾದೀತೆಂದು ಅಲ್ಲಿ ನಡೆದ ಕೆಲಸವನ್ನು ತುಸು ವಿವರವಾಗಿಯೇ ಬರೆಯುತ್ತಿದ್ದೇನೆ.

ಇದಕ್ಕೂ ಮೊದಲು ಬೇರೊಂದು ಕಡೆ ಕೊಟ್ಟು ನಿರಾಶರಾಗಿದ್ದೆವು. ಅಲ್ಲಿ ಒಂದೇ ಗಂಟೆಯಲ್ಲಿ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಮುಗಿಸಿಕೊಟ್ಟಿದ್ದರು. ಆದರೆ ಅಜ್ಜನ ಮುಖ ಬಿಳಿಚಿಕೊಂಡು, ಕೆನ್ನೆಯ ಗುಳಿ ತುಂಬಿಹೋಗಿ, ಚರ್ಮ ಮಗುವಿನದರಂತೆ ನುಣುಪಾಗಿತ್ತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದು ಯಾರು ಮಗಾ?" ಎಂದು ಕೇಳಿದರು. ಆ ಪ್ರತಿಯನ್ನು ನಾವು ಗೋಡೆಗೆ ಹಾಕಲಿಲ್ಲ.

ಈ ಅಂಗಡಿಯ ಹಿರಿಯರು ಫೋಟೋಗಳನ್ನು ಕೈಗೆ ತೆಗೆದುಕೊಂಡವರೇ ಮೊದಲು ಕೇಳಿದ್ದು ಅಳತೆಯನ್ನಲ್ಲ, ಇವರು ಏನು ಕೆಲಸ ಮಾಡುತ್ತಿದ್ದರು ಎಂಬುದನ್ನು. ಹೇಳಲು ಕುಳಿತರೆ ಅದು ಸಣ್ಣ ಕಥೆಯಲ್ಲ. ಅಜ್ಜ ಬೆಂಗಳೂರಿನ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪಿನಲ್ಲಿ ತರಬೇತಿ ಪಡೆದು, ಸೇನೆಗೆ ಸೇತುವೆ ಕಟ್ಟಿಕೊಡುವ, ದಾರಿ ಬಿಡಿಸಿಕೊಡುವ ಸೈನಿಕರಾದವರು. 1971ರ ಯುದ್ಧದಲ್ಲಿ ಪೂರ್ವದ ಗಡಿಯಲ್ಲಿದ್ದವರು. ಪಿಂಚಣಿಗೆ ಬೇಕಾದ 15 ವರ್ಷಗಳ ಸೇವೆ ಮುಗಿಸಿ ಊರಿಗೆ ಮರಳಿದ ಮೇಲೆ, ಆ ಪಿಂಚಣಿಯೊಂದರಿಂದಲೇ ಆರು ಜನರ ಮನೆ ಸಾಗುವುದಿಲ್ಲವೆಂದು ಪಿಕ್ಕಾಸು ಹಿಡಿದು ಬಾಯಾರು, ಪಡ್ರೆ ಕಡೆಯ ಗುಡ್ಡಗಳಲ್ಲಿ ಸುರಂಗ ಕೊರೆಯಲು ಹೊರಟರು.

ನಮ್ಮ ಸುರಂಗಗಳನ್ನು ನೋಡದವರಿಗಾಗಿ ಒಂದು ಮಾತು. ಇವು ಮುರಕಲ್ಲಿನ ಗುಡ್ಡದ ಹೊಟ್ಟೆಯೊಳಕ್ಕೆ ಅಡ್ಡಲಾಗಿ ಕೊರೆದ, ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲದ ನೀರಿನ ದಾರಿಗಳು. ನೆಲವನ್ನು ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರಾಗಿ ಬಿಡುವುದರಿಂದ ಒಳಗಿನ ಒರತೆ ಪಂಪಿನ ಹಂಗಿಲ್ಲದೆ ತಾನಾಗಿಯೇ ಹರಿದು ಹೊರಗಿನ ಟ್ಯಾಂಕಿಗೆ ಬೀಳುತ್ತದೆ. ಕೆಲಸದ ಅಳತೆ, ಕೂಲಿಯ ಲೆಕ್ಕ ಎಲ್ಲವೂ ಕೋಲಿನಲ್ಲಿ; ಒಂದು ಕೋಲೆಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋಗುವಾಗ ಮೇಣದಬತ್ತಿ ಹಚ್ಚಿಟ್ಟುಕೊಂಡು, ಅದರ ಉರಿ ಸಣ್ಣದಾದರೆ ಗಾಳಿ ಸಾಲದೆಂದು ತಿಳಿದು ಹಿಂದೆ ಬರಬೇಕು. ಸೈನ್ಯದಲ್ಲಿ ಕಲಿತ ನಿಧಾನ ತನ್ನನ್ನು ಕಾಪಾಡಿದ್ದು ಯುದ್ಧಕ್ಕಿಂತ ಹೆಚ್ಚು ಸುರಂಗದಲ್ಲಿ ಎಂದು ಅಜ್ಜ ಹೇಳುತ್ತಿದ್ದರು.

ನಾವು ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಡಿತ್ತು. ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಮಳೆ ಹಿಡಿಯುವ ಮುಂಚೆ, ಅಜ್ಜ ಹಳೆಯ ಅಡಿಕೆ ಮರಗಳ ಸಂಕವನ್ನು ಬಿಚ್ಚಿ ಹೊಸದನ್ನು ಕಟ್ಟುತ್ತಿದ್ದರು. ಕಟ್ಟಿ ಮುಗಿದ ಮೇಲೆ ಮೊದಲು ತಾವು ನಡುವಿಗೆ ಹೋಗಿ ನಿಂತು, ಎರಡು ಸಲ ಕುಪ್ಪಳಿಸಿ ನೋಡಿ, ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸುತ್ತಿದ್ದರು. ಬಳಿಕ ಪಕ್ಕದ ಮನೆಯ ಮಕ್ಕಳನ್ನೂ.

ಇಷ್ಟನ್ನೂ ಅಂಗಡಿಯವರು ಕೆಲಸ ನಿಲ್ಲಿಸಿ ಕೇಳಿಸಿಕೊಂಡರು. ಆಮೇಲೆ ಸಮವಸ್ತ್ರದ ಫೋಟೋವನ್ನು ಭೂತಗನ್ನಡಿಯ ಕೆಳಗಿಟ್ಟು, ಎಡಹುಬ್ಬಿನ ಮೇಲಿನ ಒಂದು ಬಿಳಿ ಗೆರೆಯನ್ನು ತೋರಿಸಿ, "ಇದು ಕಾಗದ ಮಡಚಿ ಬಂದದ್ದೋ, ಅವರಿಗೇ ಇದ್ದದ್ದೋ?" ಎಂದು ಕೇಳಿದರು. ನನಗೆ ನಿಶ್ಚಯವಾಗಿ ಹೇಳಲಾಗಲಿಲ್ಲ. ನಾನು ಕಂಡ ಅಜ್ಜನ ಹುಬ್ಬು ನರೆತು ದಟ್ಟವಾಗಿತ್ತು. ಮನೆಗೆ ಫೋನ್ ಮಾಡಿದೆ. ಅಜ್ಜಿ ಆಚೆಯಿಂದ ತಡವರಿಸದೆ, "ಅದು ಅವರದ್ದೇ. ಮದುವೆಯ ದಿನ ನಾನು ಮೊದಲು ಕಂಡದ್ದೇ ಅದನ್ನು" ಎಂದರು. ಹಿಂದಿನ ಅಂಗಡಿಯಲ್ಲಿ ಅಳಿಸಿದ್ದು ಅದನ್ನೇ ಎಂದು ನನಗೆ ಆಗ ಹೊಳೆಯಿತು. ಇವರು ಗೆದ್ದಲು ತಿಂದ ಅಂಚನ್ನು, ತೇವದ ಕಲೆಗಳನ್ನು, ಬೂಷ್ಟಿನ ಚುಕ್ಕಿಗಳನ್ನು ಮಾತ್ರ ತೆಗೆದು, ಆ ಗೆರೆಯನ್ನು ಇದ್ದ ಹಾಗೆಯೇ ಬಿಟ್ಟಿದ್ದಾರೆ.

ಚೌಕಟ್ಟಿನ ಕೆಲಸವೂ ಅಷ್ಟೇ ಶ್ರದ್ಧೆಯದು. ಮೂಲ ಫೋಟೋಗಳನ್ನು ಬಳಸದೆ ಹೊಸ ಪ್ರತಿಗಳನ್ನು ಹಾಕಿ, ಮೂಲವನ್ನು ಕಾಗದದಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟರು. ನಮ್ಮ ಕಡೆಯ ಮಳೆಗಾಲದಲ್ಲಿ ಫೋಟೋ ಗಾಜಿಗೆ ಅಂಟಿಕೊಳ್ಳುವುದು ಸಾಮಾನ್ಯವಾದ ಕಾರಣ ನಡುವೆ ತೆಳುವಾದ ಪಟ್ಟಿ ಕೊಟ್ಟು ಅಂತರ ಬಿಟ್ಟಿದ್ದಾರೆ. ಹಿಂಬದಿಯನ್ನು ತೇವ ನುಗ್ಗದಂತೆ ಮುಚ್ಚಿದ್ದಾರೆ. ಪದಕಗಳನ್ನು ಉಜ್ಜಿ ಹೊಳಪು ಬರಿಸಲು ನಾನು ಹೇಳಿದಾಗ ಅವರು ಒಪ್ಪಲಿಲ್ಲ, ಅಂಚಿನಲ್ಲಿ ಕೊರೆದಿರುವ ಸಂಖ್ಯೆ ಮತ್ತು ಹೆಸರು ಸವೆದುಹೋಗುತ್ತವೆ ಎಂದರು. ಅಂಟು ಹಚ್ಚದೆ, ಬಟ್ಟೆಗೆ ನೂಲಿನಿಂದ ಹೊಲಿದು ಕೂರಿಸಿದ್ದಾರೆ. ಪೂರ್ವಿ ಸ್ಟಾರ್ ಮೊದಲೋ, ಸಂಗ್ರಾಮ್ ಮೆಡಲ್ ಮೊದಲೋ ಎಂಬ ಸಂದೇಹ ಬಂದಾಗ ತಮಗೆ ಪರಿಚಯದ ಮಾಜಿ ಸೈನಿಕರೊಬ್ಬರಿಗೆ ಫೋನ್ ಮಾಡಿ, ಸ್ಟಾರ್ ಮೊದಲು ಬರುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ಸೂಜಿ ಹಿಡಿದರು.

ಯಾವ ಫೋಟೋ ದೊಡ್ಡದಿರಬೇಕೆಂದು ಮನೆಯಲ್ಲಿ ಭಿನ್ನಾಭಿಪ್ರಾಯವಿತ್ತು. ಚಿಕ್ಕಪ್ಪನಿಗೆ ಸಮವಸ್ತ್ರದ್ದೇ ಮುಖ್ಯ, ನನ್ನ ತಾಯಿಗೆ ಸುರಂಗದ ಬಾಯಿಯಲ್ಲಿ ಅಡಿಕೆ ಹಾಳೆಯ ಮುಟ್ಟಾಳೆ ತಲೆಗೆ ಹಾಕಿಕೊಂಡು, ಮೊಣಕಾಲವರೆಗೆ ಕೆಂಪು ಮಣ್ಣಾಗಿ ನಿಂತದ್ದೇ ಮುಖ್ಯ. ಅಂಗಡಿಯವರು ಎರಡನ್ನೂ ಒಂದೇ ಅಳತೆಗೆ ತಂದು ಅಕ್ಕಪಕ್ಕದಲ್ಲಿ ಕೂರಿಸಿದರು. ಇದು ಅವರದೇ ಸಲಹೆ, ಮತ್ತು ಸರಿಯಾದ ಸಲಹೆ.

ಕೊರತೆಗಳನ್ನೂ ಹೇಳಬೇಕು. ಹತ್ತು ದಿನವೆಂದು ಹೇಳಿದ ಕೆಲಸಕ್ಕೆ ಹತ್ತೊಂಬತ್ತು ದಿನ ಹಿಡಿಯಿತು, ತಡವಾಗುತ್ತದೆಂದು ತಾವಾಗಿ ತಿಳಿಸಲಿಲ್ಲ. ವರ್ಷಾಂತಿಕ ಹತ್ತಿರ ಬರುತ್ತಿದ್ದಂತೆ ನಮಗೆ ಅದರಿಂದ ಬಹಳ ಆತಂಕವಾಯಿತು. ಮೆಟ್ಟಿಲುಗಳು ಕಡಿದಾಗಿದ್ದು ವಯಸ್ಸಾದವರಿಗೆ ಹತ್ತುವುದು ಕಷ್ಟ. ಚೌಕಟ್ಟಿನಲ್ಲಿ ಫೋಟೋಗಳ ಕೆಳಗೆ ಹಾಕುವ ಬರಹದ ಮೊದಲ ಕರಡಿನಲ್ಲಿ ಕನ್ನಡದ ಒತ್ತಕ್ಷರಗಳೆಲ್ಲ ಕಳಚಿ ಬೇರೆಬೇರೆಯಾಗಿ ನಿಂತಿದ್ದವು. ಅಕ್ಷರ ಜೋಡಿಸುವ ಹುಡುಗ ಓದಿದ್ದು ಮಲಯಾಳ ಮಾಧ್ಯಮದಲ್ಲಿ, ತಪ್ಪು ಅವನ ಕಣ್ಣಿಗೆ ಕಾಣುವಂತಿರಲಿಲ್ಲ. ಆದರೆ ಹೇಳಿದ ಕೂಡಲೇ ಅಂಗಡಿಯವರು ಕನ್ನಡ ಶಾಲೆಯಲ್ಲಿ ಕಲಿತ ತಮ್ಮ ಪತ್ನಿಯನ್ನು ಕರೆಸಿ, ಒಂದೊಂದೇ ಅಕ್ಷರ ಓದಿಸಿ ತಿದ್ದಿಸಿದರು, ಅದಕ್ಕೆ ಬೇರೆ ಹಣ ಕೇಳಲಿಲ್ಲ. ಕನ್ನಡದಲ್ಲಿ ಬರೆಯಿಸುವವರು ಕರಡನ್ನು ಮೊಬೈಲಿನಲ್ಲಿ ನೋಡಿ ಒಪ್ಪಿಬಿಡದೆ, ಕಾಗದದಲ್ಲಿ ಅಚ್ಚು ಹಾಕಿಸಿ ಓದುವುದು ಒಳ್ಳೆಯದು.

ಹಲಸಿನ ಮರದ ಚೌಕಟ್ಟು, ಎರಡು ಫೋಟೋಗಳ ದುರಸ್ತಿ, ಪದಕಗಳ ಜೋಡಣೆ ಎಲ್ಲ ಸೇರಿ 4,600 ರೂಪಾಯಿ ಆಯಿತು. ನಾನು ಸಂತೋಷದಿಂದ ಕೊಟ್ಟೆ.

ಕಳೆದ ವಾರ ಅಜ್ಜನ ಲೆಕ್ಕದ ಪುಸ್ತಕವನ್ನೂ ಪ್ರತಿ ತೆಗೆಯಲು ಅಲ್ಲಿಯೇ ಕೊಟ್ಟುಬಂದಿದ್ದೇನೆ. ಅಂಚುಗಳು ಪುಡಿಯಾಗುತ್ತಿರುವುದರಿಂದ ಹಾಳೆಗಳನ್ನು ಬಿಡಿಸುವ ಕೆಲಸ ನಿಧಾನವಾಗಿ ನಡೆಯಬೇಕು, ಈ ಸಲ ಒಂದು ತಿಂಗಳು ಬೇಕೆಂದು ಅವರು ಮೊದಲೇ ಹೇಳಿದ್ದಾರೆ. ಮೊದಲ ಪುಟದಲ್ಲಿ ಅಜ್ಜನ ಓರೆ ಅಕ್ಷರಗಳಲ್ಲಿ ಹೀಗಿದೆ: "ಬಾಯಾರು. 42 ಕೋಲು. ನೀರು ಸಿಕ್ಕಿತು."