ಮಲಗಿದ್ದ ಪ್ರಿಂಟರ್ ಎದ್ದು ಮೊದಲ ಹಾಳೆ ಕೊಡುವಷ್ಟರಲ್ಲಿ

ಏಳೂ ಮುಕ್ಕಾಲಿಗೆ ಸ್ಕೂಲ್ ವ್ಯಾನ್ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತದೆ. ಏಳೂ ನಲವತ್ತಕ್ಕೆ ಮಗಳಿಗೆ ನೆನಪಾಗುತ್ತದೆ, ಗಣಿತದ ವರ್ಕ್‌ಶೀಟ್ ಪ್ರಿಂಟ್ ತೆಗೆದಿಲ್ಲ ಅಂತ. ನಮ್ಮ ಹಳೇ ಕಾರ್ಟ್ರಿಜ್ ಪ್ರಿಂಟರ್‌ಗೆ ಆ ಐದು ನಿಮಿಷ ಸಾಲುತ್ತಿರಲಿಲ್ಲ. ಮೊದಲು ಕಟಕಟ, ಆಮೇಲೆ ಶಾಯಿ ಚಿಮ್ಮಿಸುವ ಹೆಡ್ಡಿನ ಅತ್ತಿಂದಿತ್ತ ಓಡಾಟ, ನಡುವೆ ಏನೋ ಯೋಚನೆ ಮಾಡಿದ ಹಾಗೆ ಒಂದು ಮೌನ, ಮತ್ತೆ ಕಟಕಟ. ಲ್ಯಾಪ್‌ಟಾಪಿನಲ್ಲಿ ನೋಡಿದರೆ ‘ಆಫ್‌ಲೈನ್’. ಎದುರಿಗೆ ದೀಪ ಉರಿಯುತ್ತಿದೆ ಮಾರಾಯ್ರೆ, ಆಫ್‌ಲೈನ್ ಹೇಗಾಯಿತು?

ಅಂಗಡಿಯಲ್ಲಿ ಕೇಳಿದರೆ ನಿಮಿಷಕ್ಕೆ ಎಷ್ಟು ಪುಟ ಅನ್ನುವುದನ್ನೇ ಹೇಳುತ್ತಾರೆ. ದಿನಕ್ಕೆ ಎರಡೋ ಮೂರೋ ಹಾಳೆ ತೆಗೆಯುವ ಮನೆಗೆ ಆ ಅಂಕಿಯಿಂದ ಏನೂ ಪ್ರಯೋಜನವಿಲ್ಲ. ಮೊದಲ ಹಾಳೆ ಹೊರಬರುವ ಸಮಯಕ್ಕೆ ಬೇರೆಯೇ ಅಳತೆ ಇದೆ, ಐಎಸ್‌ಒ 17629 ಅಂತ. ಕೆಲವು ಕಂಪನಿಗಳು ಯಂತ್ರ ಎಚ್ಚರವಿದ್ದಾಗ ಎಷ್ಟು ಸೆಕೆಂಡು, ನಿದ್ದೆಯಲ್ಲಿದ್ದಾಗ ಎಷ್ಟು ಸೆಕೆಂಡು ಎಂದು ಎರಡನ್ನೂ ಬೇರೆಬೇರೆ ಬರೆಯುತ್ತವೆ. ನೋಡಬೇಕಾದದ್ದು ಎರಡನೆಯದನ್ನು.

ಹೊಸದು ಕೊಳ್ಳುವ ಮುಂಚೆ ಮೈಸೂರಿನ ಭಾವನ ಮನೆಯ, ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ಪ್ರಿಂಟರನ್ನು ಎರಡು ವಾರ ನಾವಿರುವ ಸಾಗರಕ್ಕೆ ತಂದಿಟ್ಟುಕೊಂಡೆ. ಕಪ್ಪು-ಬಿಳುಪು ಲೇಸರ್ ಒಂದನ್ನು ಪರಿಚಯದ ಅಂಗಡಿಯವರು ನೋಡಿ ಹೇಳಿ ಅಂತ ಕೊಟ್ಟರು. ರಾತ್ರಿಯೆಲ್ಲ ಮಲಗಿದ್ದ ಯಂತ್ರಕ್ಕೆ ಬೆಳಿಗ್ಗೆ ಅದೇ ಒಂದು ಪುಟದ ಪಹಣಿ ಕಳಿಸಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತುವುದು. ಇಷ್ಟೇ ಪರೀಕ್ಷೆ.

ಹಳೇ ಕಾರ್ಟ್ರಿಜ್ ಯಂತ್ರ ವೈ-ಫೈನಲ್ಲಿ ಒಂದು ನಿಮಿಷದ ಆಸುಪಾಸು, ಕೆಟ್ಟ ದಿನ ಒಂದೂವರೆ. ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೊಳ್ಳುವಾಗ ಅಗ್ಗ, ಕಾರ್ಟ್ರಿಜ್ ಬದಲಿಸುವಾಗ ಬಡಿತ.

ಇಂಕ್ ಟ್ಯಾಂಕ್ ಯುಎಸ್‌ಬಿಯಲ್ಲಿ ಇಪ್ಪತ್ತು ಸೆಕೆಂಡಿನ ಹತ್ತಿರ. ಪರವಾಗಿಲ್ಲ. ಆದರೆ ನಾವು ನಾಲ್ಕು ದಿನ ಊರಿಗೆ ಹೋಗಿ ಬಂದ ಮೇಲೆ ಅದೇ ಯಂತ್ರ ಮೊದಲು ಹೆಡ್ ಒರೆಸಿಕೊಂಡು, ಶಾಯಿ ಎಳೆದುಕೊಂಡು, ಒಂದು ನಿಮಿಷದ ನಂತರ ಹಾಳೆ ಹಿಡಿಯಿತು. ಶಾಯಿ ತೂತುಗಳಲ್ಲಿ ಒಣಗದಂತೆ ಅದು ಹಾಗೆ ಮಾಡಲೇಬೇಕು. ಗೋಡೆಯ ಸ್ವಿಚ್ಚಲ್ಲೇ ಆರಿಸುವ ಅಭ್ಯಾಸ ಇದ್ದವರು ಎಚ್ಚರ: ಪ್ರಿಂಟರಿನದೇ ಬಟನ್ ಒತ್ತಿದರೆ ಹೆಡ್ ತನ್ನ ಮುಚ್ಚಳದ ಮೇಲೆ ಹೋಗಿ ಕೂತು ಆಮೇಲೆ ಆರುತ್ತದೆ. ಕೆಲಸದ ನಡುವೆ ಗೋಡೆಯಲ್ಲಿ ಆರಿಸಿದರೆ ಹೆಡ್ ಇದ್ದಲ್ಲೇ ನಿಂತು, ಶಾಯಿ ಒಣಗುತ್ತದೆ. ಖರ್ಚಿನಲ್ಲಿ ಮಾತ್ರ ಇದನ್ನು ಸೋಲಿಸುವುದು ಕಷ್ಟ. ಎಪ್ಸನ್‌ನ 003 ಕಪ್ಪು ಬಾಟಲಿ 65 ಮಿಲಿಲೀಟರಿನದು, ಅದಕ್ಕೆ ಕಂಪನಿ ಹೇಳುವ ಲೆಕ್ಕ 4,500 ಪುಟ. ನಮ್ಮ ಮನೆಗೆ ಅದು ವರ್ಷಗಟ್ಟಲೆ ಬರುತ್ತದೆ.

ಲೇಸರ್ ಯುಎಸ್‌ಬಿಯಲ್ಲಿ ಹನ್ನೆರಡು, ಹದಿಮೂರು ಸೆಕೆಂಡು. ನಾಲ್ಕು ದಿನ ಮುಟ್ಟದೆ ಬಿಟ್ಟ ಮೇಲೂ ಅಷ್ಟೇ. ಶಾಯಿಯ ಬದಲು ಇದರಲ್ಲಿರುವ ಟೋನರ್ ಒಣ ಪುಡಿ, ಅದು ಒಣಗುವ ಪ್ರಶ್ನೆಯೇ ಇಲ್ಲ. ಆ ಪುಡಿಯನ್ನು ಕಾಗದದ ಮೇಲೆ ಕರಗಿಸಿ ಕೂರಿಸುವ ಫ್ಯೂಸರ್ ಸುಮಾರು 200 ಡಿಗ್ರಿವರೆಗೆ ಕಾಯಬೇಕು. ಹಿಂದೆ ದಪ್ಪ ರೋಲರಿನ ಒಳಗೆ ಹ್ಯಾಲೋಜೆನ್ ದೀಪ ಇಟ್ಟು ಕಾಯಿಸುತ್ತಿದ್ದರು, ಅದಕ್ಕೆ ಹೊತ್ತು ಹಿಡಿಯುತ್ತಿತ್ತು. ಈಗಿನ ಅನೇಕ ಸಣ್ಣ ಲೇಸರ್‌ಗಳಲ್ಲಿ ತೆಳು ಹಾಳೆಯಂಥ ಕೊಳವೆ, ಅದರೊಳಗೆ ಸೆರಾಮಿಕ್ ಹೀಟರ್, ಕೆಲವೇ ಸೆಕೆಂಡಿನಲ್ಲಿ ಸಿದ್ಧ. ಜೆರಾಕ್ಸ್ ಅಂಗಡಿಗಳಲ್ಲಿ ಇವತ್ತಿಗೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಇದೇ ಜಾತಿಯದು. ನಿಮಿಷಕ್ಕೆ ಬರೀ 12 ಪುಟ, ಆದರೆ ಮೊದಲ ಹಾಳೆ ಹತ್ತು ಸೆಕೆಂಡಿನೊಳಗೆ. ಜನ ಅದನ್ನು ಬಿಡದಿರುವುದಕ್ಕೆ ಕಾರಣವಿದೆ.

ಇಲ್ಲಿಗೇ ತೀರ್ಪು ಕೊಡಬಹುದಿತ್ತು. ಆದರೆ ನಮ್ಮದು ಮಲೆನಾಡು.

ಲೇಸರ್ ಎದ್ದ ಕ್ಷಣಕ್ಕೆ ಕೋಣೆಯ ಬಲ್ಬ್ ಒಂದು ಸಲ ಕಣ್ಣು ಮಿಟುಕಿಸುತ್ತದೆ. ಫ್ಯೂಸರ್ ಕಾಯುವಾಗ ನೂರಾರು ವ್ಯಾಟ್ ಒಮ್ಮೆಲೇ ಎಳೆಯುತ್ತದೆ. ಮನೆಯ ಸಣ್ಣ ಇನ್ವರ್ಟರ್‌ಗೆ ಅದನ್ನು ಹಾಕಿದ ದಿನ ಇನ್ವರ್ಟರ್ ಕೂಗಿ ಆರಿಹೋಯಿತು, ಜೊತೆಗೆ ಫ್ಯಾನೂ, ವೈ-ಫೈ ರೂಟರೂ. ಇಂಕ್ ಟ್ಯಾಂಕಿಗೆ ಅಚ್ಚು ಹಾಕುವಾಗಲೂ ಒಂದು ಎಲ್‌ಇಡಿ ಬಲ್ಬಿನಷ್ಟು ಕರೆಂಟ್ ಸಾಕು. ಜುಲೈನಲ್ಲಿ ಮರ ಬಿದ್ದು ಅರ್ಧ ದಿನ ಕರೆಂಟ್ ಇಲ್ಲದಾಗ ಪ್ರಿಂಟ್ ಬೇಕೇ ಬೇಕು ಅನ್ನುವವರು ಟ್ಯಾಂಕನ್ನೇ ತೆಗೆದುಕೊಳ್ಳಿ, ನಾನು ವಾದಕ್ಕೆ ಬರುವುದಿಲ್ಲ. ಇನ್ನೊಂದು, ಮಳೆಗಾಲದಲ್ಲಿ ಟ್ರೇಯಲ್ಲಿ ಬಿಟ್ಟ ಕಾಗದ ತೇವ ಹೀರಿ ಲೇಸರ್‌ನಿಂದ ಹಪ್ಪಳದ ಹಾಗೆ ಸುರುಳಿಯಾಗಿ ಬರುತ್ತದೆ, ಒಮ್ಮೊಮ್ಮೆ ಸಣ್ಣಗೆ ಹಬೆಯೂ ಏಳುತ್ತದೆ. ಬೆಂಕಿ ಅಂದುಕೊಂಡು ಅಮ್ಮ ಒಂದು ದಿನ ಚೊಂಬು ಹಿಡಿದು ಬಂದಿದ್ದರು. ಈಗ ಹತ್ತೇ ಹಾಳೆ ಟ್ರೇಯಲ್ಲಿ, ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲಿ.

ವೈ-ಫೈ ವಿಚಾರ. ಅದೇ ಲೇಸರ್ ವೈ-ಫೈನಲ್ಲಿ ಕೆಲವು ದಿನ ಹದಿನೆಂಟು ಸೆಕೆಂಡು, ಕೆಲವು ದಿನ ಏಳಲೇ ಇಲ್ಲ. ತಪ್ಪು ಯಂತ್ರದ್ದಲ್ಲ. ನಿದ್ದೆಯಿಂದ ಎದ್ದಾಗ ರೂಟರ್ ಅದಕ್ಕೆ ಹೊಸ ವಿಳಾಸ ಕೊಡುತ್ತಿತ್ತು, ಲ್ಯಾಪ್‌ಟಾಪ್ ಹಳೇ ಮನೆಯ ಬಾಗಿಲು ತಟ್ಟುತ್ತಿತ್ತು. ರೂಟರಿನಲ್ಲಿ ಪ್ರಿಂಟರಿಗೆ ಒಂದೇ ಐಪಿ ವಿಳಾಸ ಕಾದಿರಿಸಿ, ವಿಂಡೋಸಿನಲ್ಲಿ ಪ್ರಿಂಟರನ್ನು ತಾನೇ ಹುಡುಕಿಕೊಳ್ಳುವ ಡಬ್ಲ್ಯುಎಸ್‌ಡಿ ಪೋರ್ಟ್ ಬಿಟ್ಟು, ನೇರ ಆ ವಿಳಾಸಕ್ಕೇ ಹೋಗುವ ಟಿಸಿಪಿ/ಐಪಿ ಪೋರ್ಟ್‌ಗೆ ಬದಲಿಸಿದೆ. ಆಮೇಲೆ ‘ಆಫ್‌ಲೈನ್’ ಕಾಟ ನಿಂತಿತು. ಇದನ್ನು ಮೊದಲೇ ಮಾಡಿದ್ದರೆ ಹಳೇ ಯಂತ್ರಕ್ಕೂ ಅರ್ಧ ಬೈಗುಳ ಉಳಿಯುತ್ತಿತ್ತೇನೋ.

ಕೊನೆಗೆ ನಾನು ಲೇಸರ್ ಉಳಿಸಿಕೊಂಡೆ. ಪಹಣಿ, ವರ್ಕ್‌ಶೀಟ್, ರೈಲು ಟಿಕೆಟ್, ಇದ್ಯಾವುದಕ್ಕೂ ಬಣ್ಣ ಬೇಡ. ಪ್ರಾಜೆಕ್ಟಿನ ಬಣ್ಣದ ಚಿತ್ರಗಳಿಗೆ ಪೇಟೆಯ ಜೆರಾಕ್ಸ್ ಅಂಗಡಿ ಇದ್ದೇ ಇದೆ. ಭಾವನ ಮನೆಯಲ್ಲಿ ಇಬ್ಬರು ಮಕ್ಕಳು, ವಾರಕ್ಕೊಂದು ಚಾರ್ಟು, ಯಂತ್ರಕ್ಕೆ ಒಣಗಲು ಬಿಡುವೇ ಇಲ್ಲ. ಅವರಿಗೆ ಟ್ಯಾಂಕೇ ಸರಿ ಅಂತ ವಾಪಸ್ ಕೊಡುವಾಗ ಅತ್ತಿಗೆಗೂ ಹೇಳಿ ಬಂದೆ.

ಹಳೇ ಕಾರ್ಟ್ರಿಜ್ ಪ್ರಿಂಟರ್ ಇನ್ನೂ ಮನೆಯಲ್ಲೇ ಇದೆ. ಈ ಲೇಸರಿಗೆ ಸ್ಕ್ಯಾನರ್ ಇಲ್ಲ, ಹಾಗಾಗಿ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಲು ಅದೇ ಬೇಕು. ಅದರ ಮುಚ್ಚಳದ ಮೇಲೆ ಈಗ ಕಾಗದದ ಕವರ್ ಇಡುತ್ತೇವೆ.